ಒಂದೇ ಕೌನ್ಸಿಲ್, ಎರಡು ಗೋಪುರ: ಒಂದು ಸ್ಮಾರಕ, ಇನ್ನೊಂದು ಮಸಣ



ಈ ಸಲದ ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ. ವಿಷಯ ಲಂಡನ್ನಿನ ಎರಡು ಎತ್ತರದ ಕಟ್ಟಡಗಳದ್ದು. "ನಮ್ಮ ಕೇರಿಗೆ ನೀರಿಲ್ಲ, ಇವನಿಗೆ ಲಂಡನ್ ಚಿಂತೆ" ಅಂತ ಕೆಲವರು ಅಂದುಕೊಳ್ಳಬಹುದು. ಅಂದುಕೊಳ್ಳಿ. ಕೊನೇವರೆಗೂ ಓದಿ ಆಮೇಲೆ ಬೈಯಿರಿ.

ಪಶ್ಚಿಮ ಲಂಡನ್ನಿನಲ್ಲಿ ಕೆನ್ಸಿಂಗ್ಟನ್ ಅಂಡ್ ಚೆಲ್ಸಿ ಅಂತ ಒಂದು ಬರೋ ಇದೆ. ಬರೋ ಅಂದ್ರೆ ನಮ್ಮ ನಗರಪಾಲಿಕೆ ಇದ್ದ ಹಾಗೆ, ಅದನ್ನು ನಡೆಸೋದು ಚುನಾಯಿತ ಕೌನ್ಸಿಲ್. ಬ್ರಿಟನ್ನಿನ ಭಾರೀ ಶ್ರೀಮಂತರು ಇರೋ ಜಾಗ ಅದು. ಆದರೆ ಅದರ ಉತ್ತರದ ತುದಿಯಲ್ಲಿ ಬಡವರು, ಕೂಲಿ ಮಾಡೋರು, ವಲಸೆ ಬಂದವರು. ಊರಿದ್ದ ಕಡೆ ಕೇರಿ ಇದ್ದೇ ಇರುತ್ತಲ್ಲ, ಹಾಗೆ. ಆ ಉತ್ತರದ ತುದಿಯಲ್ಲಿ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗುವಷ್ಟು ದೂರದಲ್ಲಿ, ಎರಡು ಗೋಪುರ ಎದ್ದವು. ಟ್ರೆಲಿಕ್ ಟವರ್ 1972ರಲ್ಲಿ ಮುಗಿಯಿತು, 31 ಅಂತಸ್ತು. ಗ್ರೆನ್‌ಫೆಲ್ ಟವರ್ 1974ರಲ್ಲಿ, 24 ಅಂತಸ್ತು. ಎರಡೂ ಬೋಳು ಕಾಂಕ್ರೀಟಿನವು. ಎರಡನ್ನೂ ಸಾರ್ವಜನಿಕರ ದುಡ್ಡಿನಲ್ಲಿ, ಕಡಿಮೆ ಬಾಡಿಗೆಗೆ ಜನರಿಗೆ ಮನೆ ಕೊಡಬೇಕು ಅಂತ ಕಟ್ಟಿದ್ದು.

ಇವತ್ತು ಟ್ರೆಲಿಕ್ ಬ್ರಿಟನ್ನಿನ ಸಂರಕ್ಷಿತ ಪಾರಂಪರಿಕ ಕಟ್ಟಡ. ಅದರ ಚಿತ್ರ ಹಾಕಿದ ಕಾಫಿ ಕಪ್ಪು, ಟೀ ಶರ್ಟು ಮಾರಾಟ ಆಗ್ತವೆ. ಗ್ರೆನ್‌ಫೆಲ್‌ನಲ್ಲಿ 2017ರ ಜೂನ್ 14ರ ರಾತ್ರಿ 72 ಜನ ಸತ್ತರು. ಅವರಲ್ಲಿ 18 ಮಕ್ಕಳು. ಆ ಕಟ್ಟಡವನ್ನು ಬಿಚ್ಚಿ ಇಳಿಸುತ್ತೇವೆ ಅಂತ 2025ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ಹೇಳಿತು.

ಒಂದೇ ಕಾಲ, ಒಂದೇ ಸಾಮಗ್ರಿ, ಒಂದೇ ಉದ್ದೇಶ. ಬೆಂಕಿ ಬಿದ್ದ ಹೊತ್ತಿಗೆ ಎರಡಕ್ಕೂ ಮಾಲೀಕ ಒಂದೇ ಕೌನ್ಸಿಲ್, ನೋಡಿಕೊಳ್ಳುವ ಸಂಸ್ಥೆಯೂ ಒಂದೇ. ಮತ್ತೆ ಒಂದು ಸ್ಮಾರಕ, ಇನ್ನೊಂದು ಮಸಣ ಆಗಿದ್ದು ಹೇಗೆ? ಇದೇ ನನ್ನ ಪ್ರಶ್ನೆ.

ಮೊದಲು ಒಂದು ಮಾತು ಸರಿ ಮಾಡಿಕೊಳ್ಳೋಣ. ಇಂಥ ಕಾಂಕ್ರೀಟ್ ಗೋಪುರ ಅಂದ್ರೆ ಓದಿಕೊಂಡವರಿಗೆಲ್ಲ ಒಂದು ಅಸಹ್ಯ ಇದೆ. "ಪೆಟ್ಟಿಗೆ ಥರಾ ಇವೆ, ಜನರನ್ನ ಕೋಳಿಗೂಡಿಗೆ ತುಂಬಿದ ಹಾಗೆ" ಅಂತಾರೆ. ಹೀಗೆ ಹೇಳುವ ಬಹಳ ಜನ ಸ್ವಂತ ಮನೆಯಲ್ಲಿ ಹುಟ್ಟಿ ಸ್ವಂತ ಮನೆಯಲ್ಲೇ ಬೆಳೆದವರು. ಈ ಗೋಪುರಗಳು ಬರೋಕೆ ಮುಂಚೆ ಅಲ್ಲಿ ಏನಿತ್ತು ಅಂತ ಕೇಳಬೇಕು. 1950ರ ದಶಕದಲ್ಲಿ ಆ ನಾಟಿಂಗ್ ಹಿಲ್ ಸುತ್ತಮುತ್ತ ಇದ್ದದ್ದು ಬಿದ್ದುಹೋಗೋ ಮನೆಗಳು. ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಹತ್ತು ಜನಕ್ಕೆ ಒಂದು ಕಕ್ಕಸು. ರ್ಯಾಕ್‌ಮನ್ ಅನ್ನೋ ಒಬ್ಬ ಮಾಲೀಕ ಬಾಡಿಗೆದಾರರನ್ನ ಎಷ್ಟು ಹಿಂಡಿದ ಅಂದ್ರೆ, ಬಡವರ ರಕ್ತ ಹೀರುವ ಮನೆ ಮಾಲೀಕತನಕ್ಕೆ ಇಂಗ್ಲಿಷಿನಲ್ಲಿ ಅವನ ಹೆಸರಿನ ಮೇಲೇ ಒಂದು ಪದ ಹುಟ್ಟಿತು. ಕೆರಿಬಿಯನ್ ದ್ವೀಪಗಳಿಂದ ದುಡಿಯೋಕೆ ಬಂದ ಕಪ್ಪು ಜನ ಇಂಥವನ ಹತ್ತಿರವೇ ಹೋಗಬೇಕಿತ್ತು. ಯಾಕಂದ್ರೆ ಬೇರೆಯವರು ಅವರಿಗೆ ಮನೆ ಕೊಡ್ತಿರಲಿಲ್ಲ. ಕರಿಯರಿಗೆ ಮನೆ ಇಲ್ಲ ಅಂತ ಬೋರ್ಡೇ ಹಾಕ್ತಿದ್ದರು. ನಮ್ಮ ಬೆಂಗಳೂರಲ್ಲಿ "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಹಾಕ್ತಾರಲ್ಲ, ಅದರ ಅಣ್ಣ.

1958ರಲ್ಲಿ ಅದೇ ಬೀದಿಗಳಲ್ಲಿ ಕಪ್ಪು ಜನರ ಮನೆಗಳ ಮೇಲೆ ಬಿಳಿ ಗುಂಪುಗಳು ದಾಳಿ ಮಾಡಿದವು. 1959ರ ಮೇ ತಿಂಗಳಲ್ಲಿ ಆಂಟಿಗಾದಿಂದ ಬಂದಿದ್ದ ಬಡಗಿ ಕೆಲ್ಸೋ ಕಾಕ್ರೇನ್ ಅವರನ್ನ ಬಿಳಿ ಹುಡುಗರ ಗುಂಪು ಚಾಕುವಿನಿಂದ ಇರಿದು ಕೊಂದಿತು. ಯಾರಿಗೂ ಶಿಕ್ಷೆ ಆಗಲಿಲ್ಲ. ಅವರು ಬಿದ್ದ ಸೌದಮ್ ಸ್ಟ್ರೀಟ್ ಇರೋದು ಇವತ್ತಿನ ಟ್ರೆಲಿಕ್ ಟವರಿನ ಮಗ್ಗುಲಲ್ಲೇ.

ಅಂಥ ನೆಲದ ಮೇಲೆ ಸರ್ಕಾರವೇ ಮುಂದೆ ನಿಂತು ಮನೆ ಕಟ್ಟಿತು. ಪ್ರತಿ ಮನೆಗೂ ಸ್ವಂತ ಅಡುಗೆಕೋಣೆ, ಸ್ವಂತ ಬಚ್ಚಲು, ಬಿಸಿನೀರು, ಗಾಳಿ, ಬೆಳಕು. ಟ್ರೆಲಿಕ್ ಕಟ್ಟಿದ ವಾಸ್ತುಶಿಲ್ಪಿ ಎರ್ನೋ ಗೋಲ್ಡ್‌ಫಿಂಗರ್ ಸ್ವತಃ ವಲಸೆ ಬಂದವರು, ಬುಡಾಪೆಸ್ಟಿನಲ್ಲಿ ಹುಟ್ಟಿದ ಯಹೂದಿ. 217 ಮನೆ. ಪ್ರತಿ ಮನೆಗೂ ಬಾಲ್ಕನಿ. ಲಿಫ್ಟು, ಮೆಟ್ಟಿಲು ಎಲ್ಲ ಪಕ್ಕದಲ್ಲಿ ಬೇರೆಯೇ ಒಂದು ಸಪೂರ ಗೋಪುರದಲ್ಲಿ. ಅಲ್ಲಿಂದ ಮೂರು ಅಂತಸ್ತಿಗೊಂದು ಸೇತುವೆ ಮನೆಗಳ ಕಡೆಗೆ ಬರುತ್ತೆ. ಹೀಗೆ ಮಾಡಿದ್ದಕ್ಕೆ ಲಿಫ್ಟಿನ ಗದ್ದಲ ಮನೆಯೊಳಗೆ ಬರಲ್ಲ. ಕಿಟಕಿಯನ್ನ ಒಳಗಿಂದಲೇ ತಿರುಗಿಸಿ ಹೊರಗಿನ ಗಾಜು ಒರೆಸಬಹುದು. ಬಡವರ ಮನೆ ಅಲ್ವಾ, ಹೆಂಗಿದ್ರೂ ನಡೀತದೆ ಅಂತ ಕಟ್ಟಿದ್ದಲ್ಲ ಅದು. ಟ್ರೆಲಿಕ್‌ಗೆ ಮುಂಚೆ ಪೂರ್ವ ಲಂಡನ್ನಿನಲ್ಲಿ ಬಾಲ್ಫ್ರನ್ ಟವರ್ ಕಟ್ಟಿದಾಗ ಗೋಲ್ಡ್‌ಫಿಂಗರ್ ಮತ್ತು ಅವರ ಹೆಂಡತಿ ಎರಡು ತಿಂಗಳು ಅಲ್ಲೇ ಒಂದು ಮನೆಯಲ್ಲಿದ್ದು, ಬಾಡಿಗೆದಾರರನ್ನ ಕರೆದು ಏನು ಸರಿ, ಏನು ತೊಂದರೆ ಅಂತ ಕೇಳಿದ್ದರು. ಅದರಲ್ಲಿ ಪ್ರಚಾರದ ಆಸೆಯೂ ಇತ್ತು ಅಂತ ಹೇಳೋರಿದ್ದಾರೆ. ಇರಲಿ. ನಮ್ಮಲ್ಲಿ ಆಶ್ರಯ ಮನೆ ಕಟ್ಟಿಸಿದ ಎಂಜಿನಿಯರು ಎರಡು ತಿಂಗಳು ಬೇಡ, ಎರಡು ರಾತ್ರಿ ಅದರಲ್ಲಿ ಮಲಗಿದ್ದು ಕೇಳಿದ್ದೀರಾ?

ಹಾಗಂತ ಟ್ರೆಲಿಕ್ ಕಥೆ ಸುಖದ್ದಲ್ಲ. ಬಾಗಿಲಲ್ಲಿ ಒಬ್ಬ ಕಾವಲುಗಾರ ಇರಬೇಕು ಅಂತ ಗೋಲ್ಡ್‌ಫಿಂಗರ್ ಕೇಳಿದ್ದರು. ಖರ್ಚು ಜಾಸ್ತಿ ಅಂತ ಕೊಡಲಿಲ್ಲ. 1972ರ ಕೊನೆಗೆ ಕಿಡಿಗೇಡಿಗಳು ಬೆಂಕಿ ಆರಿಸುವ ನೀರಿನ ಕೊಳಾಯಿ ತಿರುಗಿಸಿ ಲಿಫ್ಟುಗಳೆಲ್ಲ ಕೆಟ್ಟವು. ಆಮೇಲಿನ ಹತ್ತು ವರ್ಷ ಕಳ್ಳತನ, ಹಲ್ಲೆ, ಮಾದಕವಸ್ತು. ಪತ್ರಿಕೆಗಳು ಅದನ್ನ ಭಯದ ಗೋಪುರ ಅಂತ ಕರೆದವು. ಅಲ್ಲಿ ಮನೆ ಸಿಕ್ಕಿದರೆ ಜನ ಬೇಡ ಅಂತಿದ್ದರು. ಕಟ್ಟಡವೇ ಕೆಟ್ಟದ್ದು, ಅದರ ವಿನ್ಯಾಸವೇ ಜನರನ್ನ ಕೆಡಿಸುತ್ತೆ ಅಂತ ಪಂಡಿತರು ಬರೆದರು.

1984ರಲ್ಲಿ ಅಲ್ಲಿನ ನಿವಾಸಿಗಳು ಸಂಘ ಕಟ್ಟಿದರು. ಅವರು ಕೇಳಿದ್ದು ತೀರಾ ಸಣ್ಣ ಸಂಗತಿಗಳು. ಬಾಗಿಲಿಗೆ ಬೀಗ, ಮನೆಯಿಂದಲೇ ಮಾತಾಡಿ ಬಾಗಿಲು ತೆಗೆಯೋ ವ್ಯವಸ್ಥೆ, ಕೆಳಗೆ ಒಬ್ಬ ಕಾವಲುಗಾರ, ಕೆಲಸ ಮಾಡೋ ಲಿಫ್ಟು. ಹೋರಾಡಿ ಒಂದೊಂದಾಗಿ ಪಡೆದುಕೊಂಡರು. ಕಾಂಕ್ರೀಟು ಅದೇ, ವಿನ್ಯಾಸ ಅದೇ, ಬಾಡಿಗೆದಾರರೂ ಬಹುಪಾಲು ಅವರೇ. ಆದರೆ ಕಟ್ಟಡ ಬದಲಾಯಿತು. ಹತ್ತು ವರ್ಷ ಜನರನ್ನ ಕಾಡಿದ್ದು ಕಾಂಕ್ರೀಟಲ್ಲ, ನಿರ್ಲಕ್ಷ್ಯ.

ಆಮೇಲೆ 1998ರಲ್ಲಿ ಸರ್ಕಾರ ಟ್ರೆಲಿಕನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು. ಗ್ರೇಡ್ ಎರಡು ಸ್ಟಾರ್ ಅನ್ನೋ ದೊಡ್ಡ ದರ್ಜೆ. ಈ ಪಟ್ಟಿಗೆ ಸೇರಿದ ಕಟ್ಟಡದ ರೂಪ ಕೆಡಿಸುವ ಹಾಗಿಲ್ಲ. ಕಿಟಕಿ ಬದಲಾಯಿಸಬೇಕಾದ್ರೂ ವಿಶೇಷ ಅನುಮತಿ ಬೇಕು, ತಜ್ಞರು ಬಂದು ನೋಡ್ತಾರೆ, ಆಕ್ಷೇಪಣೆ ಕರೀತಾರೆ. ಇದನ್ನ ಮನಸ್ಸಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಗ್ರೆನ್‌ಫೆಲ್‌ಗೆ ಬನ್ನಿ.

ಗ್ರೆನ್‌ಫೆಲ್ ಸಾಧಾರಣ ಕಟ್ಟಡ. ವಿನ್ಯಾಸ ಕ್ಲಿಫರ್ಡ್ ವಿಯರ್ಡನ್ ಅವರ ಕಚೇರಿಯದು. ಹೆಸರುವಾಸಿ ಅಲ್ಲ, ಪೋಸ್ಟ್‌ಕಾರ್ಡಿಗೆ ಬಂದಿದ್ದಲ್ಲ. ನಡುವೆ ಲಿಫ್ಟು, ಒಂದೇ ಮೆಟ್ಟಿಲು, ಸುತ್ತ ಮನೆಗಳು. ಆದರೆ ಗಟ್ಟಿ. 1968ರಲ್ಲಿ ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಅನ್ನೋ ಹೊಸ ಗೋಪುರದ ಒಂದು ಮೂಲೆ ಗ್ಯಾಸ್ ಸ್ಫೋಟಕ್ಕೆ ಇಸ್ಪೀಟಿನ ಮನೆ ಥರಾ ಕುಸಿದಿತ್ತು, 4 ಜನ ಸತ್ತಿದ್ದರು. ಅದಾದ ಮೇಲೆ ಕಟ್ಟಿದ್ದರಿಂದ ಗ್ರೆನ್‌ಫೆಲ್‌ಗೆ ಜಾಸ್ತಿ ಭದ್ರತೆ ಕೊಟ್ಟಿದ್ದರು. ಪ್ರತಿ ಮನೆಯೂ ಒಂದು ಕಾಂಕ್ರೀಟ್ ಪೆಟ್ಟಿಗೆ. ಒಂದು ಮನೆಗೆ ಬೆಂಕಿ ಬಿದ್ದರೆ ಪಕ್ಕದ ಮನೆಗೆ ದಾಟೋಕೆ ಆಗಬಾರದು, ಅಷ್ಟರಲ್ಲಿ ಅಗ್ನಿಶಾಮಕದವರು ಬಂದು ಆರಿಸಬೇಕು. ಅದಕ್ಕೇ ನಿಯಮ ಏನಂದ್ರೆ, ಬೆಂಕಿ ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಬಾಗಿಲು ಹಾಕಿಕೊಂಡು ಒಳಗೇ ಇರಿ. ನಲವತ್ತು ವರ್ಷ ಈ ಲೆಕ್ಕದ ಮೇಲೆ ಆ ಕಟ್ಟಡದ ಜನ ಬದುಕಿದರು.

2015-16ರಲ್ಲಿ ಕಟ್ಟಡವನ್ನ ನವೀಕರಣ ಮಾಡಿದರು. ಚಳಿಗೆ ಮನೆ ಬೆಚ್ಚಗಿರಲಿ, ಕಿಟಕಿ ಹೊಸದಾಗಲಿ ಅನ್ನೋದು ನ್ಯಾಯವಾದ ಉದ್ದೇಶವೇ. ಆದರೆ ಯೋಜನಾ ಕಾಗದಪತ್ರಗಳಲ್ಲಿ ಇನ್ನೊಂದು ಉದ್ದೇಶವೂ ಇತ್ತು. ಸುತ್ತಲಿನ ಸಂರಕ್ಷಿತ ಬಡಾವಣೆಗಳಿಂದ ನೋಡಿದರೆ ಗೋಪುರ ಚೆನ್ನಾಗಿ ಕಾಣಬೇಕು. ಅದಕ್ಕೆ ಕಾಂಕ್ರೀಟಿನ ಮೇಲೆ ಸುಡುವಂಥ ಉಷ್ಣ ನಿರೋಧಕ ಹಲಗೆ ಅಂಟಿಸಿ, ಅದರ ಮೇಲೆ ಅಲ್ಯೂಮಿನಿಯಂ ಹೊದಿಕೆ ಹೊಡೆದರು. ನಮ್ಮಲ್ಲಿ ಮೊಬೈಲ್ ಅಂಗಡಿ, ಬಟ್ಟೆ ಶೋರೂಮ್ ಮುಂದೆ ಮಿರಿಮಿರಿ ಮಿಂಚೋ ಎಸಿಪಿ ಶೀಟು ಹೊಡೆಸ್ತಾರಲ್ಲ, ಅದೇ ಜಾತಿಯದು. ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಪಾಲಿಥಿನ್. ಬೆಂಕಿ ತಾಗಿದರೆ ಆ ಪಾಲಿಥಿನ್ ಕರಗಿ ಎಣ್ಣೆ ಥರಾ ಉರಿಯುತ್ತೆ.

ಮೊದಲು ಸತುವಿನ ಹೊದಿಕೆ ಅಂತ ಇತ್ತು. ಅಲ್ಯೂಮಿನಿಯಂಗೆ ಬದಲಾಯಿಸಿ ಸುಮಾರು 2 ಲಕ್ಷ 93 ಸಾವಿರ ಪೌಂಡ್ ಉಳಿಸಿದರು. ನವೀಕರಣದ ನಂತರ ಅಲ್ಲಿದ್ದದ್ದು 129 ಮನೆ. ಮನೆಗೆ 2,300 ಪೌಂಡ್ ಕೂಡ ಬೀಳಲ್ಲ. ಸತುವಿನದು ಹಾಕಿದ್ದರೆ ಏನಾಗ್ತಿತ್ತು ಅನ್ನೋದು ಬೇರೆ ಚರ್ಚೆ. ಅವತ್ತು ಮೇಜಿನ ಮೇಲೆ ಇದ್ದದ್ದು ದುಡ್ಡಿನ ಲೆಕ್ಕ, ಬಣ್ಣದ ಲೆಕ್ಕ. ಇದು ಹೊತ್ತಿಕೊಂಡರೆ ಒಳಗಿರೋರ ಗತಿ ಏನು ಅನ್ನೋ ಲೆಕ್ಕವನ್ನ ಯಾರೂ ಸರಿಯಾಗಿ ಹಾಕಲಿಲ್ಲ. ಕೌನ್ಸಿಲ್ ಏನು ಬಡಕಲು ಅಂದುಕೊಳ್ಳಬೇಡಿ. ಅದರ ಹತ್ತಿರ 27 ಕೋಟಿ ಪೌಂಡಿಗಿಂತ ಜಾಸ್ತಿ ಮೀಸಲು ನಿಧಿ ಇತ್ತು ಅಂತ ಬೆಂಕಿಯ ನಂತರ ಪತ್ರಿಕೆಗಳು ಬರೆದವು. 2014ರಲ್ಲಿ ಪೂರ್ತಿ ತೆರಿಗೆ ಕಟ್ಟುವ ಮನೆಗಳಿಗೆ ತಲಾ 100 ಪೌಂಡ್ ವಾಪಸ್ಸು ಕೊಟ್ಟಿತ್ತು.

ಟ್ರೆಲಿಕ್‌ಗೆ ಇಂಥ ಹೊದಿಕೆ ಹೊಡೆಯೋಕೆ ಹೋಗಿದ್ದರೆ ಏನಾಗ್ತಿತ್ತು? ದೇಶದ ವಾಸ್ತುಶಿಲ್ಪಿಗಳು, ಇತಿಹಾಸಕಾರರು, ಪಾರಂಪರಿಕ ಸಂಸ್ಥೆಗಳು ಎದ್ದು ನಿಲ್ಲುತ್ತಿದ್ದರು. ನಮ್ಮ ಗೋಲ್ಡ್‌ಫಿಂಗರ್ ಕಾಂಕ್ರೀಟನ್ನ ಮುಚ್ಚುತ್ತೀರಾ ಅಂತ ಕೇಳುತ್ತಿದ್ದರು, ಕಾನೂನು ಅಡ್ಡ ನಿಲ್ಲುತ್ತಿತ್ತು. 2017ರ ಏಪ್ರಿಲ್‌ನಲ್ಲಿ, ಗ್ರೆನ್‌ಫೆಲ್‌ಗೆ ಎರಡು ತಿಂಗಳು ಮುಂಚೆ, ಟ್ರೆಲಿಕ್‌ನಲ್ಲೂ ಬೆಂಕಿ ಬಿದ್ದಿತ್ತು. ಅದು ಇಡೀ ಕಟ್ಟಡಕ್ಕೆ ಹಬ್ಬಲಿಲ್ಲ. ಕಾಂಕ್ರೀಟು ಕಾಂಕ್ರೀಟಾಗೇ ಉಳಿದಿತ್ತು.

ನನಗೆ ಎದೆ ಚುಚ್ಚುವ ಮಾತು ಇದು. ಟ್ರೆಲಿಕ್‌ನ ಗೋಡೆಗೆ ಕೈ ಹಾಕಬೇಕಾದರೆ ಹತ್ತು ಜನರನ್ನ ಕೇಳಬೇಕಿತ್ತು. ಯಾಕಂದ್ರೆ ಗೋಡೆಗೆ ಬೆಲೆ ಇತ್ತು. ಗ್ರೆನ್‌ಫೆಲ್‌ನಲ್ಲಿ ಗೋಡೆಗೆ ಬೆಲೆ ಇರಲಿಲ್ಲ, ಒಳಗಿದ್ದ ಜನರ ಮಾತಿಗೆ ಅದಕ್ಕಿಂತ ಕಡಿಮೆ ಬೆಲೆ. ಟ್ರೆಲಿಕ್ ಜನರನ್ನ ಕಾಪಾಡಿದ ಆ ಕಾನೂನು ಅವರಿಗಾಗಿ ಬರೆದದ್ದಲ್ಲ. ಅದು ಕಟ್ಟಡದ ಚೆಂದ ಕಾಪಾಡೋಕೆ ಬರೆದದ್ದು. ಚೆಂದದ ನೆರಳಲ್ಲಿ ಅವರೂ ಬಚಾವಾದರು, ಅಷ್ಟೇ.

ಗ್ರೆನ್‌ಫೆಲ್ ಜನ ಸುಮ್ಮನೆ ಕೂತಿದ್ದರಾ? ಇಲ್ಲ. ಗ್ರೆನ್‌ಫೆಲ್ ಆಕ್ಷನ್ ಗ್ರೂಪ್ ಅಂತ ಕಟ್ಟಿಕೊಂಡು ವರ್ಷಗಟ್ಟಲೆ ಬರೆದರು. 2013ರಲ್ಲಿ ಕಟ್ಟಡದ ವಿದ್ಯುತ್ತು ಏರುಪೇರಾಗಿ ಮನೆಯ ಸಾಮಾನು ಹೊಗೆಯಾಡಿದಾಗ ಬರೆದರು. ಬೆಂಕಿ ವಾಹನ ಬರುವ ದಾರಿ ಸರಿಯಿಲ್ಲ ಅಂತ ಬರೆದರು. 2009ರಲ್ಲಿ ದಕ್ಷಿಣ ಲಂಡನ್ನಿನ ಲಾಕನಲ್ ಹೌಸ್ ಅನ್ನೋ ಗೋಪುರದಲ್ಲಿ 6 ಜನ ಸುಟ್ಟು ಸತ್ತಿದ್ದರು. ಆ ಪಾಠ ಯಾರೂ ಕಲಿತಿಲ್ಲ ಅಂತ ಬರೆದರು. 2016ರ ನವೆಂಬರ್‌ನಲ್ಲಂತೂ, ಜನ ಸಾಯುವಂಥ ದೊಡ್ಡ ಅನಾಹುತ ಆಗದ ಹೊರತು ನಮ್ಮ ಮಾಲೀಕರ ಬಣ್ಣ ಬಯಲಾಗಲ್ಲ ಅನ್ನೋ ಅರ್ಥದಲ್ಲಿ ಬರೆದರು. ಅದಾಗಿ ಏಳು ತಿಂಗಳಿಗೆ ಬೆಂಕಿ. ಅವರಿಗೆ ಸಿಕ್ಕಿದ್ದು ಏನು? 2013ರಲ್ಲಿ ಕೌನ್ಸಿಲ್ ವಕೀಲರಿಂದ ಎಚ್ಚರಿಕೆಯ ಪತ್ರ. ನಿರ್ವಹಣಾ ಸಂಸ್ಥೆಯ ಕಣ್ಣಿಗೆ ಅವರು ತಂಟೆಕೋರರು. ಇದು ನನ್ನ ಮಾತಲ್ಲ, ವಿಚಾರಣಾ ವರದಿಯಲ್ಲೇ ಇದೆ.

ಜೂನ್ 14ರ ರಾತ್ರಿ 12.54ಕ್ಕೆ ಮೊದಲ ಫೋನು ಹೋಯಿತು. ನಾಲ್ಕನೇ ಅಂತಸ್ತಿನ ಒಂದು ಮನೆಯಲ್ಲಿ ಫ್ರಿಜ್ಜಿಗೆ ಬೆಂಕಿ. ಸಾಮಾನ್ಯ ಅಡುಗೆಮನೆ ಬೆಂಕಿ ಅದು. ಆದರೆ ಕಿಟಕಿಯ ಸಂದಿಯಿಂದ ಹೊರಗಿನ ಹೊದಿಕೆಗೆ ತಾಗಿ, ಒಂದೂವರೆ ಗಂಟೆ ಆಗುವಷ್ಟರಲ್ಲಿ ಕಟ್ಟಡದ ನೆತ್ತಿ ಮುಟ್ಟಿತ್ತು. ಒಳಗಿದ್ದವರಿಗೆ "ಮನೆಯಲ್ಲೇ ಇರಿ" ಅಂತ ಹೇಳುತ್ತಲೇ ಇದ್ದರು, ಎರಡೂವರೆ ದಾಟುವವರೆಗೂ. ಆ ಮಾತು ಕಾಂಕ್ರೀಟ್ ಪೆಟ್ಟಿಗೆಗೆ ಬರೆದದ್ದು, ಪಾಲಿಥಿನ್ ಸುತ್ತಿದ ಪೆಟ್ಟಿಗೆಗೆ ಅಲ್ಲ. ಕಟ್ಟಡದಲ್ಲಿದ್ದ 37 ಅಂಗವಿಕಲರಲ್ಲಿ 15 ಜನ ಸತ್ತರು. ಅವರನ್ನ ಹೇಗೆ ಇಳಿಸಬೇಕು ಅಂತ ಯಾವ ಯೋಜನೆಯೂ ಇರಲಿಲ್ಲ. ಸತ್ತವರ ಹೆಸರುಗಳ ಪಟ್ಟಿ ಓದಿದರೆ ಗೊತ್ತಾಗುತ್ತೆ, ಮೊರಾಕೊ, ಸುಡಾನ್, ಎರಿಟ್ರಿಯಾ, ಇಥಿಯೋಪಿಯಾ, ಸಿರಿಯಾ, ಬಾಂಗ್ಲಾದೇಶ ಮೂಲದವರು, ಜೊತೆಗೆ ಬಿಳಿ ದುಡಿಯುವ ಜನ.

ಬೆಂಕಿ ಆರಿದ ಮೇಲೂ ಕಾಂಕ್ರೀಟು ನಿಂತೇ ಇತ್ತು. ಬಡವರಿಗಾಗಿ ಕಟ್ಟಿದ್ದು ನಿಂತಿತು. ಶ್ರೀಮಂತರ ಕಣ್ಣಿಗಾಗಿ ಹೊದಿಸಿದ್ದು ಸುಟ್ಟಿತು.

ವಿಚಾರಣೆಯ ಕೊನೆಯ ವರದಿ 2024ರ ಸೆಪ್ಟೆಂಬರ್ 4ರಂದು ಬಂತು. ಎಲ್ಲ 72 ಸಾವುಗಳನ್ನೂ ತಪ್ಪಿಸಬಹುದಿತ್ತು ಅಂತ ಹೇಳಿತು. ಸಾಮಗ್ರಿ ಮಾರಿದ ಕಂಪನಿಗಳ ಅಪ್ರಾಮಾಣಿಕತೆ, ಸರ್ಕಾರಗಳ ದಶಕಗಳ ಉದಾಸೀನ, ಕೌನ್ಸಿಲ್ ಮತ್ತು ನಿರ್ವಹಣಾ ಸಂಸ್ಥೆಯ ನಿರ್ಲಕ್ಷ್ಯ, ಎಲ್ಲವನ್ನೂ ಹೆಸರು ಹಿಡಿದು ಬರೆಯಿತು. ಅದಕ್ಕೆ ನನ್ನ ಗೌರವ ಇದೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಕಟ್ಟಡವನ್ನ ಅಪಾಯಕಾರಿ ಮಾಡಿದ ನಿರ್ಧಾರಗಳ ಹಿಂದೆ ಜನಾಂಗದ ಅಥವಾ ಸಾಮಾಜಿಕ ಪೂರ್ವಗ್ರಹ ಇತ್ತು ಅನ್ನೋದಕ್ಕೆ ಪುರಾವೆ ಸಿಗಲಿಲ್ಲ ಅಂತ. ಬೆಂಕಿಯ ನಂತರದ ದಿನಗಳಲ್ಲಿ ಸಂತ್ರಸ್ತರನ್ನ, ರಂಜಾನ್ ಉಪವಾಸದಲ್ಲಿದ್ದವರನ್ನ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಒಪ್ಪಿಕೊಂಡಿದೆ. ಮೊದಲಿನ ನಿರ್ಧಾರಗಳ ಬಗ್ಗೆ ಮಾತ್ರ, ಪುರಾವೆ ಇಲ್ಲ.

ಇಲ್ಲಿ ನಾನು ಒಬ್ಬ ಗುಮಾಸ್ತನಾಗಿ ಮಾತಾಡಬೇಕು. ಕಡತಗಳ ನಡುವೆ ನನ್ನ ಅರ್ಧ ಆಯಸ್ಸು ಕಳೆದಿದೆ. ಟಪಾಲು ಬರುತ್ತೆ, ವಹಿಯಲ್ಲಿ ನಂಬರ್ ಬೀಳುತ್ತೆ, ಟಿಪ್ಪಣಿ ಹಾಳೆ ಏರುತ್ತೆ, ಇಳಿಯುತ್ತೆ. "ಪರಿಶೀಲಿಸಿ ಮಂಡಿಸಿ." "ನಿಯಮಾನುಸಾರ ಕ್ರಮ ವಹಿಸಿ." "ಅನುದಾನದ ಲಭ್ಯತೆ ನೋಡಿ." ಇಷ್ಟು ವರ್ಷದಲ್ಲಿ ಯಾವ ಕಡತದಲ್ಲೂ "ಇವರು ಕೇರಿಯವರು, ಆದ್ದರಿಂದ ಬದಿಗಿಡಿ" ಅಂತ ಬರೆದಿದ್ದನ್ನ ನಾನು ನೋಡಿಲ್ಲ. ಯಾರೂ ಬರೆಯಲ್ಲ. ಬರೆಯುವ ಅಗತ್ಯವೇ ಇಲ್ಲ. ಬಡಾವಣೆಯ ಹೆಸರು ನೋಡಿದರೆ ಸಾಕು, ಅರ್ಜಿದಾರರ ಹೆಸರು ನೋಡಿದರೆ ಸಾಕು, ಅರ್ಜಿ ಬರೆದ ಕನ್ನಡ ನೋಡಿದರೆ ಸಾಕು. ಒಂದು ಅರ್ಜಿ ಸಂಜೆಯೊಳಗೆ ಸಾಹೇಬರ ಮೇಜಿಗೆ ಹೋಗುತ್ತೆ, ಇನ್ನೊಂದು ಕಟ್ಟಿನ ಅಡಿಗೆ ಹೋಗುತ್ತೆ. ಎರಡಕ್ಕೂ ನಂಬರ್ ಇದೆ, ಎರಡಕ್ಕೂ ಸಹಿ ಇದೆ, ಎರಡೂ ನಿಯಮಾನುಸಾರ. ನಾಳೆ ನ್ಯಾಯಾಧೀಶರು ಬಂದು ಕಡತ ತೆಗೆದು ನೋಡಿದರೆ ಪೂರ್ವಗ್ರಹಕ್ಕೆ ಪುರಾವೆ ಸಿಗುತ್ತಾ? ಎಲ್ಲಿಂದ ಸಿಗುತ್ತೆ ಸ್ವಾಮಿ.

ಪೂರ್ವಗ್ರಹವನ್ನ ಬರೆದಿದ್ದರಲ್ಲಿ ಹುಡುಕಬಾರದು, ಬರೆಯದೇ ಬಿಟ್ಟಿದ್ದರಲ್ಲಿ ಹುಡುಕಬೇಕು. ಉತ್ತರ ಬಾರದ ಅರ್ಜಿಗಳನ್ನ ಎಣಿಸಬೇಕು. ಅದೇ ಕೌನ್ಸಿಲ್ಲಿಗೆ ದಕ್ಷಿಣದ ಬಂಗಲೆಯವರು ಪತ್ರ ಬರೆದರೆ ಎಷ್ಟು ದಿನಕ್ಕೆ ಉತ್ತರ, ಉತ್ತರದ ಗೋಪುರದವರು ಬರೆದರೆ ಎಷ್ಟು ದಿನಕ್ಕೆ ಅಂತ ಕೇಳಬೇಕು. ಬಡವರ ಮನೆಗಳ ವಿಷಯದಲ್ಲಿ ಆ ದೇಶದ ನೀತಿ ಏನು ಅನ್ನೋ ದೊಡ್ಡ ಪ್ರಶ್ನೆಯನ್ನ ವಿಚಾರಣೆಯ ವ್ಯಾಪ್ತಿಯಿಂದ ಶುರುವಿನಲ್ಲೇ ಹೊರಗಿಟ್ಟಿದ್ದರು. ಜನಾಂಗದ ಪ್ರಶ್ನೆ ನೋಡಿ ಅಂತ ಸಂತ್ರಸ್ತರ ವಕೀಲರು ಕೇಳಿಕೊಂಡಿದ್ದರು. ಆ ಬಾಗಿಲನ್ನ ಪೂರ್ತಿ ತೆಗೆಯದೆ ಒಳಗೆ ಏನೂ ಕಾಣಲಿಲ್ಲ ಅಂದ್ರೆ ಹೇಗೆ?

"ಅಲ್ಲಿ ಬಿಳಿಯರೂ ಸತ್ತರು, ಇದು ಜನಾಂಗದ ಪ್ರಶ್ನೆ ಅಲ್ಲ, ಬಡತನದ ಪ್ರಶ್ನೆ" ಅಂತ ನಮ್ಮ ಎಡಪಂಥೀಯ ಗೆಳೆಯರು ಹೇಳಬಹುದು. ಈ ಮಾತನ್ನ ನಾವು ಇಲ್ಲೂ ಕೇಳಿದ್ದೇವೆ. ಕೇರಿಯೊಳಗೆ ಮನೆ ಮಾಡಿದ ಬಡ ಮೇಲ್ಜಾತಿಯವನಿಗೂ ಕೇರಿಯ ಕೊಳಾಯಿ ನೀರೇ ಗತಿ. ಅದರಿಂದ ಕೇರಿ ಯಾಕೆ ಕೇರಿ ಆಯಿತು ಅನ್ನೋ ಪ್ರಶ್ನೆ ಅಳಿಸಿಹೋಗಲ್ಲ. ಬಾಬಾಸಾಹೇಬರು ಕೊಲಂಬಿಯಾದಲ್ಲಿ, ಆಮೇಲೆ ಲಂಡನ್ನಿನಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ, ಇಡೀ ಊರಲ್ಲಿ ಅವರಿಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಉಳಿದುಕೊಂಡರೆ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಅವರ ಹತ್ತಿರ ಡಿಗ್ರಿ ಇತ್ತು, ಸಂಬಳ ಇತ್ತು. ಇಲ್ಲದ್ದು ದುಡ್ಡಲ್ಲ.

ಇನ್ನು, ಕಟ್ಟಡ ಉಳಿಸಿದರೆ ಜನ ಉಳಿದ ಹಾಗೆ ಅಂತಲೂ ಅಂದುಕೊಳ್ಳಬೇಡಿ. ಗೋಲ್ಡ್‌ಫಿಂಗರ್ ಎರಡು ತಿಂಗಳು ಇದ್ದರು ಅಂದೆನಲ್ಲ, ಆ ಬಾಲ್ಫ್ರನ್ ಟವರೂ ಟ್ರೆಲಿಕ್ ಥರಾನೇ ಪಾರಂಪರಿಕ ಕಟ್ಟಡ. ನವೀಕರಣ ಮಾಡ್ತೀವಿ ಅಂತ ಅಲ್ಲಿದ್ದ ಬಾಡಿಗೆದಾರರನ್ನ ಖಾಲಿ ಮಾಡಿಸಿದರು. ಆಮೇಲೆ ಅಲ್ಲಿ ಕಡಿಮೆ ಬಾಡಿಗೆಯ ಮನೆ ಒಂದೂ ಉಳಿಯಲಿಲ್ಲ, ಖಾಸಗಿ ಮಾರುಕಟ್ಟೆಗೆ ಹೋಯಿತು. ಕಾಂಕ್ರೀಟನ್ನ ಒಂಚೂರೂ ಮುಕ್ಕಾಗದಂತೆ ಕಾಪಾಡಿದರು. ಒಳಗಿದ್ದ ಜನರನ್ನ ಹೊರಗೆ ಹಾಕಿದರು. ಟ್ರೆಲಿಕ್‌ನಲ್ಲೂ 1980ರ ಥ್ಯಾಚರ್ ಕಾನೂನಿನ ಮೇಲೆ ಮಾರಾಟವಾದ ಮನೆಗಳಿಗೆ ಇವತ್ತು ಭಾರೀ ಬೆಲೆ. ಬಡವರಿಗೆ ಅಂತ ಕಟ್ಟಿದ ಮನೆ ಚೆಂದ ಅಂತ ಜಗತ್ತಿಗೆ ಗೊತ್ತಾದ ದಿನದಿಂದ ಅದರ ಮೇಲೆ ಬೇರೆಯವರ ಕಣ್ಣು ಬೀಳುತ್ತೆ.

ಅಂದ್ರೆ ಬಡವರ ಮನೆಗೆ ಎರಡು ಕಡೆಯಿಂದ ಅಪಾಯ. ಅಸಹ್ಯ ಅಂದರೆ ಮುಚ್ಚುತ್ತಾರೆ. ಚೆಂದ ಅಂದರೆ ಕಿತ್ತುಕೊಳ್ಳುತ್ತಾರೆ. ಎರಡರಲ್ಲೂ ಒಳಗಿರೋರನ್ನ ಕೇಳೋರಿಲ್ಲ.

ಇದು ನಮಗೆ ಹೊಸದಾ? 2020ರಲ್ಲಿ ಟ್ರಂಪ್ ಬಂದಾಗ ಅಹಮದಾಬಾದಿನಲ್ಲಿ ಗುಡಿಸಲು ಕಾಣದ ಹಾಗೆ ಗೋಡೆ ಎಬ್ಬಿಸಿದರು. 2023ರ ಜಿ-20 ಸಭೆಗೆ ದೆಹಲಿಯಲ್ಲಿ ಹಸಿರು ಪರದೆ ಕಟ್ಟಿದರು. ನಮ್ಮ ಬೆಂಗಳೂರಿನ ಈಜೀಪುರ ನೆನಪಿದೆಯಲ್ಲ. ಪಾಲಿಕೆಯೇ ಬಡವರಿಗೆ ಅಂತ ಕಟ್ಟಿಸಿದ ಇಡಬ್ಲ್ಯುಎಸ್ ವಸತಿ. ಕಳಪೆ ಕೆಲಸಕ್ಕೆ ಬ್ಲಾಕು ಕುಸಿಯಿತು, ಜನ ತಗಡಿನ ಶೆಡ್ಡಿಗೆ ಬಂದರು. 2013ರ ಜನವರಿಯಲ್ಲಿ ಜೆಸಿಬಿ ಬಂದು ಶೆಡ್ಡೂ ಹೋಯಿತು. ಜಾಗಕ್ಕೆ ಬೆಲೆ ಬಂದಿತ್ತು. ಜನಕ್ಕೆ ಬಂದಿರಲಿಲ್ಲ.

ಅದಕ್ಕೇ ನಮ್ಮ ಹುಡುಗರಿಗೆ ನಾನು ಹೇಳೋದು ಇಷ್ಟು. ಬರೀ "ಮನೆ ಕೊಡಿ" ಅಂತ ಕೇಳಿ ಸುಮ್ಮನಾಗಬೇಡಿ. ನಮ್ಮ ಜನ ಈಗ ಸ್ಲಂ ಬೋರ್ಡಿನ ಬಹುಮಹಡಿಗಳಿಗೆ ಹೋಗ್ತಿದ್ದಾರೆ. ಹಕ್ಕುಪತ್ರದ ಜೊತೆಗೆ ಬೇರೆ ಕಾಗದವನ್ನೂ ಕೇಳಿ. ಎಷ್ಟು ಮೆಟ್ಟಿಲು ದಾರಿ ಇದೆ? ಬೆಂಕಿ ಆರಿಸುವ ಪೈಪಿನಲ್ಲಿ ನೀರು ಬರುತ್ತಾ, ಯಾರಾದ್ರೂ ತಿರುಗಿಸಿ ನೋಡಿದ್ದಾರಾ? ಲಿಫ್ಟು ಕೆಟ್ಟರೆ ಎಂಟನೇ ಮಹಡಿಯ ಅಜ್ಜಿ ಇಳಿಯೋದು ಹೇಗೆ? ಬಣ್ಣ ಹೊಡೆಸ್ತೀವಿ, ಹೊಸ ಶೀಟು ಹಾಕಿಸ್ತೀವಿ ಅಂತ ಬಂದರೆ ಅದು ಏನು ಸಾಮಾನು, ಸುಡುತ್ತಾ, ಪರೀಕ್ಷೆ ಮಾಡಿದ ಕಾಗದ ಎಲ್ಲಿ? ಬರೆದು ಕೇಳಿ. ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹಾಕಿ, ಆ ಅರ್ಜಿಯ ಮೇಲೆ ಯಾರ್ಯಾರು ಏನೇನು ಷರಾ ಬರೆದರು ಅಂತ ಟಿಪ್ಪಣಿ ಹಾಳೆಯ ನಕಲು ತೆಗೆಸಿ. ತಂಟೆಕೋರರು ಅಂತಾರೆ, ಅನ್ನಲಿ. ಗ್ರೆನ್‌ಫೆಲ್‌ನ ತಂಟೆಕೋರರು ಬರೆದಿಟ್ಟಿದ್ದರಿಂದಲೇ ಇವತ್ತು "ನಮಗೆ ಗೊತ್ತಿರಲಿಲ್ಲ" ಅಂತ ಯಾರೂ ಹೇಳೋಕಾಗ್ತಿಲ್ಲ.

ನಾನು ಇದನ್ನ ಬರೆಯೋ ಹೊತ್ತಿಗೆ, ಆ 72 ಸಾವುಗಳಿಗಾಗಿ ಒಬ್ಬರೂ ಜೈಲಿಗೆ ಹೋಗಿಲ್ಲ. ಜೈಲಿಗೆ ಹೋದವರು ಯಾರು ಗೊತ್ತಾ? ನಾವೂ ಅಲ್ಲಿದ್ದೆವು ಅಂತ ಸುಳ್ಳು ಹೇಳಿ ಪರಿಹಾರದ ದುಡ್ಡು ಪಡೆದ ಕೆಲವರು. ಕಾನೂನಿಗೆ ಬಡ ಕಳ್ಳ ಬೇಗ ಸಿಗ್ತಾನೆ. ಕಟ್ಟಡ ಇಳಿಸುವ ತೀರ್ಮಾನ ಬಂದಾಗಲೂ, ನಮ್ಮ ಮಾತು ಕೇಳಲಿಲ್ಲ ಅಂತ ಸತ್ತವರ ಕುಟುಂಬಗಳಲ್ಲಿ ಕೆಲವರು ಹೇಳಿದರು. ಇಳಿಸೋದು ಬೇಡ ಅನ್ನೋರೂ ಇದ್ದರು, ಕಿಟಕಿ ತೆಗೆದರೆ ದಿನಾ ಅದೇ ಕಾಣುತ್ತೆ, ಇಳಿಸಿಬಿಡಿ ಅನ್ನೋರೂ ಇದ್ದರು. ಎರಡೂ ನೋವೇ. ಆದರೆ ನಿರ್ಧಾರ ಮತ್ತೆ ಮೇಲಿನವರದೇ.

ಬೆಂಕಿಯ ನಂತರ ಪ್ರತಿ ತಿಂಗಳ 14ನೇ ತಾರೀಖು ಅಲ್ಲಿನ ಜನ ಮೌನವಾಗಿ ಬೀದಿಯಲ್ಲಿ ನಡೆಯೋ ಪದ್ಧತಿ ಇಟ್ಟುಕೊಂಡರು. ಘೋಷಣೆ ಇಲ್ಲ, ತಮಟೆ ಇಲ್ಲ. ಹಸಿರು ಹೃದಯದ ಗುರುತು ಹಿಡಿದು ಸುಮ್ಮನೆ ನಡಿಗೆ. ವರ್ಷಗಟ್ಟಲೆ ಕೂಗಿ ಹೇಳಿದಾಗ ಕೇಳದ ಕೌನ್ಸಿಲ್ಲಿನ ಮುಂದೆ ಅವರು ಮಾತಿಲ್ಲದೆ ನಡೆದರು. ನಾವು ಅಷ್ಟು ದೂರಕ್ಕೆ ಹೋಗೋದು ಬೇಡ. ಮಾತಾಡಬೇಕಾದಾಗಲೇ ಮಾತಾಡೋಣ, ಕೇಳಬೇಕಾದವರು ಕೇಳುವವರೆಗೂ.

ನಿಮ್ಮ ಬಡಾವಣೆಯ ಬಹುಮಹಡಿ ವಸತಿಗಳ ಸ್ಥಿತಿ ಏನು, ಕಾಮೆಂಟಿನಲ್ಲಿ ಬರೆಯಿರಿ. ಫೋಟೊ ಇದ್ದರೆ ಹಾಕಿ. ಹತ್ತು ಕಡೆಯದು ಸೇರಿದರೆ ಒಟ್ಟಿಗೆ ಒಂದು ಮನವಿ ಕೊಡೋಣ. ಅರ್ಜಿ ಬರೆದುಕೊಡೋ ಕೆಲಸ ನನ್ನದು.

ಜೈ ಭೀಮ್.